ಗೋಡೆಯ ಮೇಲಿನ ಚಂದ್ರಲೋಕ: ವಿಜ್ಞಾನ ಚಿತ್ರಗಳು ಮತ್ತು ಹಳೆಯ ಪೋಸ್ಟರುಗಳು

ಇತಿಹಾಸವೆಂದರೆ ಗೋಳಗುಮ್ಮಟ, ಇಬ್ರಾಹಿಂ ರೋಜಾ, ಶಿಲಾಶಾಸನಗಳು ಎಂಬುದು ನಮ್ಮ ಜಿಲ್ಲೆಯವರಲ್ಲಿ ಬೆಳೆದು ಬಂದ ಭಾವನೆ. ಕಲ್ಲು ನೂರಾರು ವರ್ಷ ನಿಲ್ಲುತ್ತದೆ. ಆದರೆ ಗೋಡೆಗೆ ಹಚ್ಚಿ, ವಾರದೊಳಗೆ ಹರಿದುಹೋಗುತ್ತಿದ್ದ ಸಿನೆಮಾ ಪೋಸ್ಟರ್ ಕೂಡ ಇತಿಹಾಸವೇ.

ವಿಜ್ಞಾನ ಕಲ್ಪನೆಯ ಚಿತ್ರಗಳು ಹೆಚ್ಚುಕಡಿಮೆ ಸಿನೆಮಾದಷ್ಟೇ ಹಳೆಯವು. 1902ರಲ್ಲಿ ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ಚಂದ್ರಲೋಕದ ಪ್ರಯಾಣವನ್ನು ಚಿತ್ರವಾಗಿಸಿದನು. ತೋಪಿನಿಂದ ಹಾರಿದ ವಾಹನವೊಂದು ಚಂದ್ರನ ಕಣ್ಣಿಗೇ ನಾಟುವ ದೃಶ್ಯ ಅದರಲ್ಲಿದೆ. ಮನುಷ್ಯ ನಿಜವಾಗಿ ಚಂದ್ರನ ಮೇಲೆ ಕಾಲಿಟ್ಟದ್ದು 67 ವರ್ಷಗಳ ಬಳಿಕ, 1969ರಲ್ಲಿ. ಮುಂದೆ ಸಾಲದಲ್ಲಿ ಮುಳುಗಿದ ಮೆಲಿಯೆಸ್ 1923ರಲ್ಲಿ ತನ್ನ ಚಿತ್ರಗಳ ನೆಗೆಟಿವ್‌ಗಳನ್ನು ತಾನೇ ಸುಟ್ಟನು. ಅಲ್ಲಲ್ಲಿ ಯಾರೋ ಜೋಪಾನ ಮಾಡಿದ ಪ್ರತಿಗಳಿಂದಲೇ ಇಂದು ನಾವು ಆತನನ್ನು ಬಲ್ಲೆವು.

1927ರಲ್ಲಿ ಜರ್ಮನಿಯ ಫ್ರಿಟ್ಜ್ ಲಾಂಗ್ ‘ಮೆಟ್ರೊಪೊಲಿಸ್’ ತೆಗೆದನು. ಯಂತ್ರಮಾನವ ಸ್ತ್ರೀಯ ಮುಖವಿರುವ ಅದರ ಪೋಸ್ಟರುಗಳಲ್ಲಿ ಉಳಿದಿರುವುದು ನಾಲ್ಕೇ ನಾಲ್ಕು ಎನ್ನುತ್ತಾರೆ. 2005ರಲ್ಲಿ ಅವುಗಳಲ್ಲೊಂದು 6,90,000 ಡಾಲರಿಗೆ ಮಾರಾಟವಾಯಿತು. ಹೊಸದಾಗಿದ್ದಾಗ ಬೀದಿಯ ಗೋಡೆಗೆ ಅಂಟಿಸಲೆಂದೇ ಅಚ್ಚಾದ ಕಾಗದವದು.

ಈ ಕಥೆ ನಮ್ಮಿಂದ ದೂರದ್ದಲ್ಲ. ನೆರೆಯ ಕೊಲ್ಹಾಪುರದ ಬಾಬುರಾವ್ ಪೇಂಟರ್ ಅವರ ‘ಕಲ್ಯಾಣ ಖಜಿನಾ’ (1924) ಚಿತ್ರದ ಪೋಸ್ಟರ್, ಉಳಿದಿರುವ ಅತಿ ಹಳೆಯ ಭಾರತೀಯ ಪೋಸ್ಟರುಗಳಲ್ಲೊಂದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಚಿತ್ರೀಕರಣವಾದದ್ದೂ ಕೊಲ್ಹಾಪುರದಲ್ಲಿಯೇ. ಅದರ ಪ್ರತಿ ಇಂದು ಉಳಿದಿಲ್ಲ. ಚಿತ್ರವೇ ಕಳೆದುಹೋದಾಗ ಒಂದು ಜಾಹೀರಾತಿನ ಹಾಳೆಯೂ ಸಾಕ್ಷಿಯಾಗುತ್ತದೆ.

ಕನ್ನಡದಲ್ಲಿ ವಿಜ್ಞಾನದ ಎಳೆ ಮೊದಲು ಪತ್ತೇದಾರಿ ಚಿತ್ರಗಳೊಳಗೆ ಬಂದಿತು. ದೊರೈ-ಭಗವಾನ್ ನಿರ್ದೇಶನದ ‘ಜೇಡರ ಬಲೆ’ಯಲ್ಲಿ (1968) ಲೋಹವನ್ನು ಚಿನ್ನ ಮಾಡುವ ಸೂತ್ರಕ್ಕಾಗಿ ಹೋರಾಟ, ಡಾ. ರಾಜಕುಮಾರ್ ಸಿ.ಐ.ಡಿ. 999. ಯಂತ್ರಮಾನವನೇ ಪಾತ್ರವಾದ ಉಪೇಂದ್ರರ ‘ಹಾಲಿವುಡ್’ ಬಂದದ್ದು 2002ರಲ್ಲಿ.

ಪೋಸ್ಟರುಗಳು ಏಕೆ ಉಳಿಯಲಿಲ್ಲ? ತೆಳು ಕಾಗದ, ಮೈದಾ ಹಿಟ್ಟಿನ ಅಂಟು, ಒಂದರ ಮೇಲೊಂದು ಹಚ್ಚುವ ರೂಢಿ, ಬಿಸಿಲು, ಮಳೆ. ಹರಿಯದೆ ಉಳಿದವು ಪುಸ್ತಕಕ್ಕೆ ಹೊದಿಕೆಯಾದವು, ಟ್ರಂಕಿನ ತಳಕ್ಕೆ ಹಾಸಾದವು. ಕೈಯಿಂದ ಚಿತ್ರ ಬರೆಯುತ್ತಿದ್ದ ಕಲಾವಿದರ ಕಸುಬನ್ನು ಆಮೇಲೆ ಬಂದ ಫ್ಲೆಕ್ಸ್ ನುಂಗಿತು.

ಹಾಗಾಗಿ ಹಳೆಯ ವಿದ್ಯಾರ್ಥಿಗಳಲ್ಲಿ, ಊರ ಹಿರಿಯರಲ್ಲಿ ಒಂದು ವಿನಂತಿ. ಮನೆಯ ಹಳೆ ಟ್ರಂಕು ತೆರೆದಾಗ ತಳದ ಕಾಗದವನ್ನು ಎಸೆಯುವ ಮುನ್ನ ಒಮ್ಮೆ ನೋಡಿರಿ. ಸಿನೆಮಾ, ನಾಟಕ, ಜಾತ್ರೆ, ಯಾವುದರ ಹಾಳೆಯಾದರೂ ಸರಿ. ಅಂಟುಪಟ್ಟಿ ಹಚ್ಚಬೇಡಿರಿ, ಲ್ಯಾಮಿನೇಶನ್ ಮಾಡಿಸಬೇಡಿರಿ. ಮಡಿಸದೆ, ಬಿಸಿಲು ತಾಗದ ಒಣ ಜಾಗದಲ್ಲಿ ಇಡಿರಿ. ಕೆಳಅಂಚಿನಲ್ಲಿ ಅಚ್ಚಿನ ಮನೆಯ ಹೆಸರಿದ್ದರೆ ಅದನ್ನು ಕತ್ತರಿಸಬೇಡಿರಿ. ಕಾಲ ಗುರುತಿಸಲು ಅದೇ ಆಧಾರ. ಎಲ್ಲಿ, ಯಾವಾಗ ಸಿಕ್ಕಿತೆಂಬುದನ್ನು ಹಿಂಬದಿಗೆ ಪೆನ್ಸಿಲಿನಿಂದ ಮೆಲ್ಲಗೆ ಬರೆದಿಡಿರಿ.

ಶಾಲೆಯ ಐವತ್ತು ವರ್ಷಗಳ ನೆನಪೂ ಇಂಥ ಕಾಗದಗಳಲ್ಲಿಯೇ ಇದೆ. ಅವುಗಳನ್ನು ಕಾಪಾಡಿದರೆ ನೂರರ ಸಂಭ್ರಮ ಬರೆಯುವವರಿಗೆ ಬರಿಗೈ ಆಗದು.