ಒಂದು ಮತದ 0.28551 ಭಾಗ

ಮತಗಳ ಎಣಿಕೆ ಪೂರ್ಣಾಂಕಗಳಲ್ಲೇ ನಡೆಯುತ್ತದೆ ಎಂದು ನೀವು ತಿಳಿದಿರಬಹುದು. ಸ್ಕಾಟ್ಲೆಂಡಿನ ಸ್ಥಳೀಯ ಕೌನ್ಸಿಲಿನ ಒಂದು ವಾರ್ಡಿನ ಫಲಿತಾಂಶ ಪಟ್ಟಿಯನ್ನು ನೋಡಿ. ಮೊದಲ ಸುತ್ತಿನಲ್ಲಿ ಅಂಕಿಗಳು ಪೂರ್ಣಾಂಕಗಳೇ. ಆದರೆ ಮುಂದಿನ ಸುತ್ತುಗಳಲ್ಲಿ ಸಾಮಾನ್ಯವಾಗಿ ದಶಮಾಂಶ ಬಿಂದುವಿನ ನಂತರ ಐದು ಸ್ಥಾನಗಳು ಕಾಣಿಸಿಕೊಳ್ಳುತ್ತವೆ. ಒಬ್ಬ ಮತದಾರನ ಮತವನ್ನು ಭಾಗ ಮಾಡಲು ಸಾಧ್ಯವೆ? ಇದಕ್ಕೆ ಒಂದೂವರೆ ಶತಮಾನದ ಇತಿಹಾಸವಿದೆ.

ಅಲ್ಲಿ ಬಳಕೆಯಲ್ಲಿರುವುದು ಏಕ ವರ್ಗಾವಣೀಯ ಮತ ಪದ್ಧತಿ. ಡೆನ್ಮಾರ್ಕಿನ ಗಣಿತಜ್ಞ ಕಾರ್ಲ್ ಆಂಡ್ರೆ 1855ರಲ್ಲಿ ಇಂಥ ಪದ್ಧತಿಯನ್ನು ಜಾರಿಗೆ ತಂದ. ಇಂಗ್ಲೆಂಡಿನ ಥಾಮಸ್ ಹೇರ್ ಅದೇ ದಶಕದಲ್ಲಿ ಸ್ವತಂತ್ರವಾಗಿ ಇದನ್ನು ಪ್ರತಿಪಾದಿಸಿದ. ಮತದಾರ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಸೂಚಿಸುತ್ತಾನೆ. ಗೆಲ್ಲಲು ನಿಗದಿತ ಕೋಟಾ ಮುಟ್ಟಬೇಕು. ಮತಗಳನ್ನು ಸ್ಥಾನಗಳ ಸಂಖ್ಯೆಯಿಂದ ಭಾಗಿಸಿದರೆ ಹೇರ್‌ನ ಕೋಟಾ ದೊರೆಯುತ್ತದೆ. ಅಷ್ಟು ಬೇಕಿಲ್ಲ ಎಂದು ಹೆನ್ರಿ ಡ್ರೂಪ್ 1868ರಲ್ಲಿ ತೋರಿಸಿದ. 4 ಸ್ಥಾನಗಳ ಒಂದು ಕಾಲ್ಪನಿಕ ವಾರ್ಡಿನಲ್ಲಿ 5000 ಸಿಂಧು ಮತಗಳಿವೆ ಎನ್ನಿ. 5000ವನ್ನು 5ರಿಂದ ಭಾಗಿಸಿ 1 ಕೂಡಿಸಿದರೆ 1001. ಐವರು ಇದನ್ನು ಮುಟ್ಟಲು 5005 ಮತ ಬೇಕು, ಇರುವುದು 5000. ಆದ್ದರಿಂದ ನಾಲ್ವರಿಗಿಂತ ಹೆಚ್ಚು ಮಂದಿ ಗೆಲ್ಲಲಾರರು.

ಈಗ ಒಬ್ಬರಿಗೆ 1401 ಮತ ಬಂದರೆ, ಹೆಚ್ಚುವರಿ 400 ಮತಗಳು ಎರಡನೆಯ ಪ್ರಾಶಸ್ತ್ಯಕ್ಕೆ ಹೋಗಬೇಕು. ಆದರೆ ಯಾವ 400 ಮತಪತ್ರಗಳು? ಆರಂಭದಲ್ಲಿ ಇದು ಪತ್ರಗಳನ್ನು ಎತ್ತಿಕೊಂಡ ಕ್ರಮವನ್ನು ಅವಲಂಬಿಸಿತ್ತು. ಮರುಎಣಿಕೆಯಲ್ಲಿ ಕ್ರಮ ಬದಲಾದರೆ ಕೊನೆಯ ಸ್ಥಾನ ಬೇರೊಬ್ಬರ ಪಾಲಾಗಬಹುದು! ಅಂದರೆ ಮತದಾರರ ಇಚ್ಛೆಯ ಜೊತೆಗೆ ಆಕಸ್ಮಿಕವೂ ಸೇರಿಕೊಳ್ಳುತ್ತಿತ್ತು.

ಪರಿಹಾರ ಬಂದದ್ದು 1880ರಲ್ಲಿ, ಮೆಲ್ಬೋರ್ನಿನ ಜೆ. ಬಿ. ಗ್ರೆಗರಿಯಿಂದ. ಪತ್ರಗಳನ್ನು ಆರಿಸಬೇಡಿ, ಎಲ್ಲವನ್ನೂ ಕಡಿಮೆ ಮೌಲ್ಯದಲ್ಲಿ ವರ್ಗಾಯಿಸಿ ಎಂಬುದು ಅವನ ವಿಧಾನದ ಸಾರ. 400ನ್ನು 1401ರಿಂದ ಭಾಗಿಸಿ ಐದು ದಶಮಾಂಶ ಸ್ಥಾನಗಳಿಗೆ ನಿಲ್ಲಿಸಿದರೆ ಪ್ರತಿ ಪತ್ರದ ಮೌಲ್ಯ 0.28551. ಉಳಿದ ಭಾಗ ಗೆದ್ದವರಲ್ಲೇ ನಿಲ್ಲುತ್ತದೆ. 1401 ಪತ್ರಗಳ ಒಟ್ಟು ವರ್ಗಾವಣೆ 399.99951, ಲೆಕ್ಕದಲ್ಲಿ ಕಳೆದುಹೋದದ್ದು 0.00049 ಮತ ಮಾತ್ರ. ಭೌತವಿಜ್ಞಾನದ ವಿದ್ಯಾರ್ಥಿಗೆ ಇಲ್ಲಿ ಸಂರಕ್ಷಣಾ ನಿಯಮದ ನೆನಪಾಗದಿರದು.

ಸ್ಕಾಟ್ಲೆಂಡಿಗೆ ಈ ಪದ್ಧತಿ ಹೊಸದಲ್ಲ. 1919ರಿಂದ 1928ರವರೆಗೆ ಅಲ್ಲಿನ ಶಿಕ್ಷಣ ಪ್ರಾಧಿಕಾರಗಳನ್ನು ಹೀಗೆಯೇ ಚುನಾಯಿಸಲಾಗುತ್ತಿತ್ತು. ಆದರೆ 2003ರಲ್ಲಿ ಕೌನ್ಸಿಲುಗಳಿಗೆ ಏಕಸದಸ್ಯ ವಾರ್ಡುಗಳೇ ಇದ್ದವು. ಗ್ಲಾಸ್ಗೊದಲ್ಲಿ ಲೇಬರ್ ಪಕ್ಷ ಅರ್ಧಕ್ಕಿಂತ ಕಡಿಮೆ ಮತ ಪಡೆದು 79ರಲ್ಲಿ 71 ಸ್ಥಾನ ಗೆದ್ದಿತು. ಉಳಿದವರಿಗೆ ಮತ ಹಾಕಿದ ಅರ್ಧಕ್ಕೂ ಹೆಚ್ಚು ಜನರಿಗೆ ದಕ್ಕಿದ್ದು 8 ಸ್ಥಾನ! 2004ರ ಕಾಯಿದೆಯ ನಂತರ, 2007ರ ಮೇ 3ರಂದು 32 ಕೌನ್ಸಿಲುಗಳಲ್ಲೂ 3 ಅಥವಾ 4 ಸದಸ್ಯರ ವಾರ್ಡುಗಳಿಗೆ ಹೊಸ ಪದ್ಧತಿಯಲ್ಲಿ ಚುನಾವಣೆ ನಡೆಯಿತು. ಗ್ಲಾಸ್ಗೊದಲ್ಲಿ ಲೇಬರ್ ಸ್ಥಾನಗಳು 45ಕ್ಕೆ ಇಳಿದವು. ಗ್ರೆಗರಿ ವಿಧಾನವನ್ನು ಇನ್ನಷ್ಟು ತಿದ್ದಿ, ಅಭ್ಯರ್ಥಿಯ ಬಳಿಯ ಪ್ರತಿಯೊಂದು ಪತ್ರವನ್ನೂ ಅದರ ಆಗಿನ ಮೌಲ್ಯಕ್ಕೆ ತಕ್ಕಂತೆ ವರ್ಗಾಯಿಸಲಾಯಿತು. ಈ ಲೆಕ್ಕದ ಹೊರೆಯನ್ನು ಯಂತ್ರಗಳು ಹೊತ್ತವು.

ನಮ್ಮ ಶಾಸಕರು ರಾಜ್ಯಸಭೆಗೆ ಸದಸ್ಯರನ್ನು ಚುನಾಯಿಸುವಾಗಲೂ ಇದೇ ತತ್ತ್ವ ಅನ್ವಯಿಸುತ್ತದೆ. ಅಲ್ಲಿ ಪ್ರತಿ ಮತಪತ್ರಕ್ಕೆ 100 ಮೌಲ್ಯ, ಭಿನ್ನರಾಶಿಗಳನ್ನು ಕೈಬಿಡಲಾಗುತ್ತದೆ. ಕರ್ನಾಟಕದ 224 ಶಾಸಕರೂ ಮತ ಹಾಕಿ 4 ಸ್ಥಾನ ತುಂಬಬೇಕಿದ್ದರೆ ಕೋಟಾ 4481. ಅಂದರೆ 45 ಶಾಸಕರ ಬೆಂಬಲ.

ಗಣಿತ ಎಲ್ಲವನ್ನೂ ಸರಿಪಡಿಸದು. ಸ್ಕಾಟ್ಲೆಂಡಿನ ಮತಪತ್ರದಲ್ಲಿ ಹೆಸರುಗಳು ಅಕಾರಾದಿಯಾಗಿರುವುದರಿಂದ, ಒಂದೇ ಪಕ್ಷದ ಇಬ್ಬರಲ್ಲಿ ಮೇಲಿರುವವರಿಗೆ ಹೆಚ್ಚು ಪ್ರಥಮ ಪ್ರಾಶಸ್ತ್ಯ ಸಿಗುವ ಒಲವು ಕಂಡುಬಂದಿದೆ. ಎಣಿಕೆಯಿಂದ ಆಕಸ್ಮಿಕವನ್ನು ಹೊರಹಾಕಬಹುದು, ಮತದಾರನ ಕಣ್ಣಿನ ಅಭ್ಯಾಸವನ್ನಲ್ಲ.

ಶಿಕ್ಷಕರೆ, ನಿಮ್ಮ ತರಗತಿಯಲ್ಲಿ ಇದನ್ನು ಮಾಡಿಸಿ ನೋಡಿ. ಮಕ್ಕಳು 3 ಪ್ರತಿನಿಧಿಗಳನ್ನು ಪ್ರಾಶಸ್ತ್ಯದಿಂದ ಆರಿಸಲಿ. ಹೆಚ್ಚುವರಿ ಚೀಟಿಗಳನ್ನು ಒಮ್ಮೆ ಚೀಟಿ ಎತ್ತಿ, ಇನ್ನೊಮ್ಮೆ ಭಿನ್ನರಾಶಿಯಿಂದ ವರ್ಗಾಯಿಸಿ. ಚೀಟಿ ಎತ್ತುವುದನ್ನು ನಾಲ್ಕಾರು ಬಾರಿ ಪುನರಾವರ್ತಿಸಿ. ಗ್ರೆಗರಿ ಏನನ್ನು ಸಾಧಿಸಿದ ಎಂಬುದು ಅವರಿಗೇ ತಿಳಿಯುತ್ತದೆ.