ಗೋಡೆ ತೆಳುವಾದ ಮೇಲೆ ಬಂದ ಚಳಿ

1918ರ ಡಿಸೆಂಬರ್ 16ರಂದು ಬೀದರಿನಲ್ಲಿ ಉಷ್ಣಾಂಶ 2.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಇಂದಿನ ಕರ್ನಾಟಕದ ಅತಿ ಕಡಿಮೆ ಉಷ್ಣಾಂಶ ಯಾವುದೆಂದು ಕೇಳಿದರೆ ಈಗಲೂ ಸಿಗುವ ಉತ್ತರ ಇದೇ. ಚಳಿಯೆಂದರೆ ಮಡಿಕೇರಿ, ಚಿಕ್ಕಮಗಳೂರು ಎಂದುಕೊಂಡವರಿಗೆ ಬೀದರಿನ ಹೆಸರು ಆಶ್ಚರ್ಯ ತರುತ್ತದೆ. ಆ ವರ್ಷ ಚಳಿಯೊಂದೇ ಬಂದಿರಲಿಲ್ಲ. ಮುಂಗಾರು ಕೈಕೊಟ್ಟು ದೇಶದ ಬಹುಭಾಗದಲ್ಲಿ ಬರ ಬಿದ್ದಿತ್ತು. ಅದೇ ಹೊತ್ತಿಗೆ ಇನ್‌ಫ್ಲುಯೆಂಜಾ ಜ್ವರ ಹಬ್ಬಿ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. ಹಸಿದ, ಜ್ವರದಿಂದ ಆಗಷ್ಟೇ ಎದ್ದ ಮೈಗಳ ಮೇಲೆ ಆ ಚಳಿ ಇಳಿಯಿತು.

ಹತ್ತು ವರ್ಷದ ಬಳಿಕ, 1928ರ ಮೇ 23ರಂದು, ರಾಯಚೂರಿನಲ್ಲಿ 45.6 ಡಿಗ್ರಿ ಬಿಸಿಲು ದಾಖಲಾಯಿತು. ಬೀದರ್, ರಾಯಚೂರು ಎರಡೂ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅದೇ ಸಂಸ್ಥಾನದ ವಾಯವ್ಯ ಅಂಚಿನಲ್ಲಿ, ಔರಂಗಾಬಾದ್ ಜಿಲ್ಲೆಯಲ್ಲಿ, ಸಿಲ್ಲೋಡ್ ಇತ್ತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಭಾಷೆಗಳ ಪ್ರಕಾರ ಹಂಚಿಹೋದಾಗ ಬೀದರ್, ಕಲಬುರಗಿ, ರಾಯಚೂರು ಮೈಸೂರಿಗೆ ಬಂದವು. ಮರಾಠವಾಡದ ಜಿಲ್ಲೆಗಳು ಮುಂಬಯಿ ರಾಜ್ಯಕ್ಕೆ ಹೋದವು. ಹೀಗೆ ಬೇರೆಯಾದರೂ ಹವೆ, ಮಣ್ಣು, ಮನೆ ಕಟ್ಟುವ ರೀತಿ ಒಂದೇ ಆಗಿ ಉಳಿದವು. ಒಂದೇ ಮನೆ ಮೇ ತಿಂಗಳ ಉರಿಯನ್ನೂ ತಡೆಯಬೇಕು, ಡಿಸೆಂಬರಿನ ರಾತ್ರಿಯನ್ನೂ ತಡೆಯಬೇಕು. ದಖ್ಖನ್ನಿನ ಮನೆಯ ಕಥೆ ಇಲ್ಲಿಂದ ಶುರುವಾಗುತ್ತದೆ.

ಈಗ ಛತ್ರಪತಿ ಸಂಭಾಜಿನಗರ ಎಂದು ಹೆಸರು ಬದಲಾಗಿರುವ ಜಿಲ್ಲೆಯಲ್ಲಿ ಸಿಲ್ಲೋಡ್ ಇರುವುದು ಪ್ರಸ್ಥಭೂಮಿಯ ಉತ್ತರದ ತುದಿಗೆ. ಅಜಂತಾ ಊರು ಇದೇ ತಾಲ್ಲೂಕಿನದು. ಅಲ್ಲಿಂದ ಘಾಟಿ ಇಳಿದರೆ ಖಾನದೇಶದ ಬಯಲು. ಪಕ್ಕದ ತಾಲ್ಲೂಕಿನ ಹೆಸರು ‘ಕನ್ನಡ್’ ಎಂಬುದು ಕನ್ನಡದ ಓದುಗರಿಗೆ ಸೋಜಿಗವೆನಿಸಬಹುದು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಬಂದ ಮಳೆಮೋಡದ ಅಲೆಯೊಂದು ದಾಟಿಹೋದಾಗ, ಅದರ ಹಿಂದಿನಿಂದ ಒಣ, ತಣ್ಣನೆಯ ಗಾಳಿ ಕೆಳಗಿಳಿಯುತ್ತದೆ. ಅದಕ್ಕೆ ಅಡ್ಡ ನಿಲ್ಲುವ ದೊಡ್ಡ ಬೆಟ್ಟ ಇಲ್ಲಿಲ್ಲ. ಆಕಾಶದಲ್ಲಿ ಮೋಡವಿಲ್ಲ, ಗಾಳಿಯಲ್ಲಿ ತೇವವಿಲ್ಲ. ಹಗಲಲ್ಲಿ ನೆಲ ಹೀರಿದ ಶಾಖ ಸೂರ್ಯ ಮುಳುಗಿದ್ದೇ ತಡ ನೇರವಾಗಿ ಆಕಾಶಕ್ಕೆ ಹೊರಟುಹೋಗುತ್ತದೆ. ಮಧ್ಯಾಹ್ನ ಅಂಗಿ ಬಿಚ್ಚುವಂಥ ಬಿಸಿಲು, ನಸುಕಿನಲ್ಲಿ ಹಲ್ಲು ಕಟಕಟಿಸುವ ಚಳಿ.

ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 4 ಡಿಗ್ರಿಗೆ ಇಳಿದರೆ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎನ್ನುತ್ತದೆ. 2 ಡಿಗ್ರಿಗೆ ಇಳಿದರೆ ತೀವ್ರ ಶೀತಗಾಳಿ. ನಾಸಿಕ್ ಜಿಲ್ಲೆಯ ನಿಫಾಡ್ ಸೀಮೆ ಮಹಾರಾಷ್ಟ್ರದ ಚಳಿಯ ಸುದ್ದಿಯಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ಹೆಸರು. ಅಲ್ಲಿ ದ್ರಾಕ್ಷಿ ಬೆಳೆಗಾರರು ಅಂಥ ರಾತ್ರಿಗಳಲ್ಲಿ ಸಾಲುಗಳ ನಡುವೆ ಬೆಂಕಿ ಹಾಕಿ ಹೊಗೆ ಎಬ್ಬಿಸುತ್ತಾರೆ, ನಸುಕಿನಲ್ಲಿ ಬಳ್ಳಿಗೆ ನೀರು ಬಿಡುತ್ತಾರೆ. ಬಳ್ಳಿಗೆ ಬೇಕಾದದ್ದು ಬೆಳಗಿನ ಕೊನೆಯ ಎರಡು ಮೂರು ತಾಸು ದಾಟಿಸುವ ಆಸರೆ. ಮನುಷ್ಯರಿಗೂ ಅಷ್ಟೇ.

ಆ ಆಸರೆಯನ್ನು ಮೊದಲು ಕೊಟ್ಟದ್ದು ಗೋಡೆ. ಮರಾಠವಾಡದಲ್ಲಿಯೂ ಕಲ್ಯಾಣ ಕರ್ನಾಟಕದಲ್ಲಿಯೂ ಹಳೆಯ ಮನೆಯೆಂದರೆ ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಗೇಣುಗಟ್ಟಲೆ ಮಣ್ಣು ಹೇರಿದ ಮಾಳಿಗೆ. ಮರಾಠಿಯಲ್ಲಿ ಇದು ‘ಧಾಬ್ಯಾಚೆ ಘರ್’, ನಮ್ಮಲ್ಲಿ ಮಾಳಿಗೆ ಮನೆ, ಮೇಲ್ಮುದ್ದೆ ಮನೆ. ಇಂಥ ಗೋಡೆಯೊಳಗೆ ಶಾಖ ನಿಧಾನವಾಗಿ ಸಾಗುತ್ತದೆ. ಹಗಲಿನ ಬಿಸಿಲು ಗೋಡೆಯ ಒಳಮೈ ಮುಟ್ಟುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ರಾತ್ರಿಯ ತಂಪು ಒಳಗೆ ಬರುವ ಹೊತ್ತಿಗೆ ಮತ್ತೆ ಹಗಲಾಗಿರುತ್ತದೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ ಎಂದು ಹಿರಿಯರು ಹೇಳುತ್ತಿದ್ದುದರ ಗುಟ್ಟು ಇಷ್ಟೇ.

ಈ ತಿಳಿವಳಿಕೆ ಹೊಸದಲ್ಲ. ಅಜಂತಾದ ಬಂಡೆಯಲ್ಲಿ ಕೊರೆದ ಗುಹೆಗಳಲ್ಲಿ ಕ್ರಿಸ್ತಪೂರ್ವ 2ನೇ ಶತಮಾನದಿಂದಲೇ ಬೌದ್ಧ ಭಿಕ್ಷುಗಳ ವಾಸವಿತ್ತು. 12ನೇ ಗುಹೆಯಲ್ಲಿ ಹಜಾರದ ಮೂರು ಬದಿಗೆ ಚಿಕ್ಕ ಚಿಕ್ಕ ಕೋಣೆಗಳು, ಒಳಗೆ ಕಲ್ಲಿನ ಮಂಚಗಳು. ಬೆಟ್ಟದೊಳಗಿನ ಕೋಣೆಗೆ ಹೊರಗಿನ ಏರಿಳಿತ ಅಷ್ಟಾಗಿ ತಟ್ಟುವುದಿಲ್ಲ. ಲೋಕವೇ ಮೆಚ್ಚುವ ಅಲ್ಲಿನ ಚಿತ್ರಗಳ ಕೆಳಗಿರುವುದು ಭತ್ತದ ಹೊಟ್ಟು, ನಾರು ಕಲಸಿದ ಮಣ್ಣಿನ ಗಿಲಾವು. ಹಳ್ಳಿಯ ಗೋಡೆಗೆ ಮೆತ್ತುವ ಮಣ್ಣೂ ಅದೇ ಜಾತಿಯದು.

ಗೋಡೆಯ ಒಳಗೆ ಉಳಿದ ಏರ್ಪಾಟು. ಎತ್ತು ಆಕಳು ಮನೆಯ ಮುಂಭಾಗದಲ್ಲೇ, ಅದಕ್ಕಿಂತ ತುಸು ಎತ್ತರದ ಪಡಸಾಲೆಯಲ್ಲಿ ಜನ. ದನಗಳ ಮೈಬಿಸಿಯೂ ಮನೆಗೇ ಸೇರುತ್ತಿತ್ತು. ಒಲೆಗೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು. ಅಡುಗೆ ಮುಗಿದ ಮೇಲೆ ಒಲೆಯ ಕೆಂಡ ರಾತ್ರಿಯಿಡೀ ಬೂದಿಯೊಳಗೆ ಜೀವ ಹಿಡಿದಿರುತ್ತಿತ್ತು. ಹೊಗೆ ಹೋಗಲು ಮಾಳಿಗೆಯಲ್ಲಿ ಬೆಳಕಿಂಡಿ. ಆ ಕಿಂಡಿ ಹೊಗೆಗೆ ಮಾತ್ರ ದಾರಿಯಾಗಿರಲಿಲ್ಲ, ಮುಂದೆ ಅದರ ಬೆಲೆ ತಿಳಿಯುತ್ತದೆ.

ಹಾಸಿಗೆ ಹೊದಿಕೆಯಲ್ಲಿ ಬಡವ ಬಲ್ಲಿದ ಎಂಬ ಭೇದ ಎದ್ದು ಕಾಣುತ್ತಿತ್ತು. ಶ್ರೀಮಂತರಿಗೆ ಔರಂಗಾಬಾದಿನ ಹತ್ತಿ ರೇಷ್ಮೆಯ ಹಿಮ್ರೂ ಶಾಲು, ಪಿಂಜಾರರು ಬಿಲ್ಲು ಮೀಟಿ ಹಿಂಜಿದ ಹತ್ತಿಯ ರಜಾಯಿ. ಬಡವರ ಮನೆಯಲ್ಲಿ ಹಳೆಯ ಸೀರೆ, ಧೋತರ ಪದರ ಪದರವಾಗಿ ಹೊಲಿದ ಕೌದಿ, ಮರಾಠಿಯ ಗೋಧಡಿ. ಎಲ್ಲರಿಗೂ ಬೇಕಾದದ್ದು ಕಂಬಳಿ. ದಖ್ಖನ್ನಿನ ಕಪ್ಪು ಕುರಿಯ ಉಣ್ಣೆಯನ್ನು ಹೆಂಗಸರು ನೂಲುತ್ತಿದ್ದರು. ಗುಂಡಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿ ಕೊಟ್ಟು ಬಿಗಿ ಮಾಡುತ್ತಿದ್ದರು. ನಮ್ಮಲ್ಲಿ ಕುರುಬರು, ಅಲ್ಲಿ ಧನಗರರು ಮತ್ತು ಸಣಗರರು ಈ ಕೆಲಸದವರು. ಉಣ್ಣೆ ತನ್ನ ತೂಕದ ಮೂರರಲ್ಲಿ ಒಂದು ಭಾಗದಷ್ಟು ತೇವ ಹೀರಿದರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಆದ್ದರಿಂದಲೇ ಇಬ್ಬನಿ ಬೀಳುವ ಬಯಲಲ್ಲಿ ಹಟ್ಟಿ ಕಾಯುವವನಿಗೆ ಕಂಬಳಿಕೊಪ್ಪೆಯೇ ಮನೆಯಾಗಿತ್ತು.

ಊಟವೂ ಚಳಿಯನ್ನು ಲೆಕ್ಕಕ್ಕೆ ಹಿಡಿದಿತ್ತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅಗಸಿ ಮತ್ತು ಗುರೆಳ್ಳಿನ ಚಟ್ನಿಪುಡಿ, ಬೆಲ್ಲ: ಎಣ್ಣೆಯಂಶ ಹೆಚ್ಚಿರುವ, ಹೊಟ್ಟೆಯಲ್ಲಿ ಹೊತ್ತು ನಿಲ್ಲುವ ಪದಾರ್ಥಗಳು. ಬೀದರ್, ಕಲಬುರಗಿ ಕಡೆ ಎಳ್ಳ ಅಮಾವಾಸ್ಯೆಗೆ ಜನ ಹೊಲಕ್ಕೆ ಹೋಗಿ ಭಜ್ಜಿ, ರೊಟ್ಟಿ, ಅಂಬಲಿ ಉಣ್ಣುತ್ತಾರೆ. ಗಡಿಯಾಚೆ ಲಾತೂರು, ಧಾರಾಶಿವದಲ್ಲಿ ಅದೇ ಹಬ್ಬ ‘ವೇಳ್ ಅಮಾವಾಸ್ಯೆ’. ‘ಎಳ್ಳ’ ಎಂಬ ಕನ್ನಡದ ಮಾತೇ ಮರಾಠಿ ಬಾಯಲ್ಲಿ ‘ವೇಳ್’ ಆಗಿದೆ. ಸಂಕ್ರಾಂತಿಗೆ ನಮ್ಮಲ್ಲಿ ಎಳ್ಳುಬೆಲ್ಲ, ಅಲ್ಲಿ ತಿಳ್‌ಗುಳ್. ಹಿಂಗಾರಿ ಜೋಳ ಹಾಲುಗಾಳಿಗೆ ಬಂದಾಗ ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು ತಿನ್ನುವುದು ನಮ್ಮ ಸೀತನಿ, ಅವರ ಹುರ್ಡಾ. ಬೆಂಕಿಯ ಸುತ್ತ ಕೂಡುವುದಕ್ಕೂ ಅದೊಂದು ನೆಪ.

ಗೋಡೆ, ದನ, ಕೆಂಡ, ಕಿಂಡಿ, ಕಂಬಳಿ, ಎಳ್ಳು. ಇವು ಬಿಡಿಬಿಡಿ ಉಪಾಯಗಳಂತೆ ಕಂಡರೂ ಒಂದನ್ನೊಂದು ಹಿಡಿದುಕೊಂಡಿದ್ದವು. ಗೋಡೆ ದಪ್ಪವಿದ್ದುದರಿಂದ ಕಿಂಡಿ ತೆರೆದಿಟ್ಟರೂ ನಡೆಯುತ್ತಿತ್ತು. ಕಿಂಡಿ ತೆರೆದಿದ್ದುದರಿಂದ ಕೆಂಡ ಒಳಗಿದ್ದರೂ ಅಪಾಯ ಕಡಿಮೆಯಿತ್ತು. ಒಂದು ಕಳಚಿದರೆ ಉಳಿದವುಗಳ ಅರ್ಥವೇ ಬದಲಾಗುತ್ತದೆ. ಮೊದಲು ಕಳಚಿದ್ದು ಗೋಡೆ.

ಇಂಥ ಮನೆಗೆ ಒಂದು ದೊಡ್ಡ ದೋಷವಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಕೆಲವೇ ನಿಮಿಷ ಇರುವಾಗ, ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ಭೂಮಿ ನಡುಗಿತು. ಹಿಂದಿನ ದಿನವಷ್ಟೇ ಗಣಪತಿ ವಿಸರ್ಜನೆ ಮುಗಿಸಿ ಊರುಗಳು ಗಾಢ ನಿದ್ದೆಯಲ್ಲಿದ್ದವು. ಸತ್ತವರ ಲೆಕ್ಕ 8 ಸಾವಿರದಿಂದ 10 ಸಾವಿರದವರೆಗೆ. ಭೂಕಂಪದ ತೀವ್ರತೆ 6.2ರ ಆಸುಪಾಸು, ಸಾವು ಅಷ್ಟು ಹೆಚ್ಚಾದದ್ದು ಮನೆಗಳಿಂದ. ಮಣ್ಣಿನಲ್ಲಿ ಜೋಡಿಸಿದ ಗುಂಡುಕಲ್ಲಿನ ಗೋಡೆ ಎರಡಾಗಿ ಸೀಳಿತು, ಟನ್ನುಗಟ್ಟಲೆ ಮಣ್ಣಿನ ಮಾಳಿಗೆ ಮಲಗಿದವರ ಮೇಲೆ ಕುಸಿಯಿತು. ತಲೆಮಾರುಗಳ ಕಾಲ ಚಳಿಯಿಂದ ಕಾಪಾಡಿದ ಭಾರವೇ ಜೀವ ತೆಗೆಯಿತು. ಆಮೇಲೆ ಎಷ್ಟೋ ಜನ ಕಲ್ಲಿನ ಮನೆಯೊಳಗೆ ಮಲಗಲು ಹೆದರಿ ತಗಡಿನ ಶೆಡ್ಡು ಹಾಕಿಕೊಂಡರು. ಆ ಭಯವನ್ನು ಅಜ್ಞಾನವೆಂದು ಯಾರೂ ಹೇಳಲಾರರು.

ಸಿಲ್ಲೋಡ್ ಕಿಲ್ಲಾರಿಯಿಂದ ಬಹಳ ದೂರ. ಆದರೆ ಮಾಳಿಗೆಯನ್ನು ಇಳಿಸಿ ತಗಡು ಏರಿಸಲು ಭೂಕಂಪವೇ ಬೇಕಿರಲಿಲ್ಲ. ಪ್ರತಿ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿ ಬಡಿಯಬೇಕು. ತೊಲೆಗೆ ಒಳ್ಳೆಯ ಮರ ಬೇಕು. ಕೆಲಸ ಬಲ್ಲ ಕೈಗಳು ಬೇಕು. ಮೂರೂ ತುಟ್ಟಿಯಾದವು. ತಗಡು ಒಂದೇ ದಿನದಲ್ಲಿ ಕೂರುತ್ತದೆ, ಸೋರುವುದಿಲ್ಲ. ಒಂದು ಮಿಲಿಮೀಟರೂ ದಪ್ಪವಿಲ್ಲದ ಆ ಹಾಳೆ ಶಾಖವನ್ನು ಮಾತ್ರ ಹಿಡಿದಿಡಲಾರದು. ಮೋಡವಿಲ್ಲದ ರಾತ್ರಿ ಅದು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗಿನವರ ಉಸಿರಿನ ತೇವ ಅದರ ತಳಕ್ಕೆ ಹನಿಗಟ್ಟಿ ನಸುಕಿನಲ್ಲಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಮಧ್ಯಾಹ್ನ ಅದೇ ತಗಡು ಕಾದ ಹಂಚು. ಮೇ ಮತ್ತು ಡಿಸೆಂಬರ್ ಎರಡನ್ನೂ ತಡೆಯುತ್ತಿದ್ದ ಮನೆಯ ಜಾಗದಲ್ಲಿ ಎರಡನ್ನೂ ತಡೆಯದ ಮನೆ ಬಂತು.

ಗೋಡೆ ಕೊಡುತ್ತಿದ್ದ ಬಿಸಿಯನ್ನು ಈಗ ಬೆಂಕಿಯಿಂದಲೇ ಪಡೆಯಬೇಕು. ಇಲ್ಲಿ ಎರಡನೆಯ ಅಪಾಯವಿದೆ. ಸಿಮೆಂಟಿನ ಕೋಣೆಗೆ ಬೆಳಕಿಂಡಿಯಿಲ್ಲ. ಚಳಿ ಬಾರದಂತೆ ಕಿಟಕಿಯ ಸಂದಿಗೂ ಬಟ್ಟೆ ತುರುಕುತ್ತಾರೆ. ಅಂಥ ಕೋಣೆಯಲ್ಲಿ ಇದ್ದಿಲಿನ ಶಿಗಡಿ ಇಟ್ಟು ಮಲಗಿದರೆ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದು ರಕ್ತವನ್ನು ಹಿಡಿದುಕೊಳ್ಳುತ್ತದೆ. ಹೊಗೆಯಿದ್ದರೆ ಕೆಮ್ಮು ಬಂದು ಎಚ್ಚರವಾದೀತು. ಹೊಗೆಯಾಡದ ಕೆಂಪು ಕೆಂಡ ಎಚ್ಚರಿಸುವುದಿಲ್ಲ. ಮೊದಲು ತಲೆನೋವು, ಮಂಪರು; ಆಮೇಲೆ ಏಳಲಾಗದ ನಿದ್ದೆ. ಪ್ರತಿ ಚಳಿಗಾಲದಲ್ಲಿ ದೇಶದ ಯಾವುದಾದರೂ ಊರಿನಿಂದ ಇಂಥ ಸುದ್ದಿ ಬರುತ್ತಲೇ ಇರುತ್ತದೆ. ಅಜ್ಜಿಯ ಕಾಲದಲ್ಲಿ ಆಗದ್ದು ಈಗೇಕೆ ಎಂದರೆ, ಅಜ್ಜಿಯ ಮನೆಗೆ ಕಿಂಡಿಯಿತ್ತು. ಬೆಂಕಿ ಕಾಯಿಸಿಕೊಳ್ಳುವುದಿದ್ದರೆ ಅಂಗಳದಲ್ಲಿ, ಮಲಗುವ ಮುಂಚೆ. ಕೆಂಡ ಹೊರಗೇ ಉಳಿಯಬೇಕು.

ಕಂಬಳಿಯೂ ಹಿಂದೆ ಸರಿಯಿತು. ಮೆತ್ತನೆಯ, ಅಗ್ಗದ ಮಿಲ್ಲಿನ ಹೊದಿಕೆ ಬಂದ ಮೇಲೆ ಒರಟು ಉಣ್ಣೆಯನ್ನು ಕೇಳುವವರು ಕಡಿಮೆಯಾದರು. ಮಾಂಸಕ್ಕೆ ಬೆಲೆ ಬಂದು ಕುರಿಗಾರರು ಬೇರೆ ತಳಿಗಳನ್ನು ಬೆರೆಸಿದರು. ಉಣ್ಣೆಯ ಕರಿಕುರಿ ಹಟ್ಟಿಯಲ್ಲೇ ಅಪರೂಪವಾಗತೊಡಗಿತು.

ಇದೆಲ್ಲದರ ಕೊನೆಯ ಕಂತು ತಟ್ಟುವುದು ಮನೆಯನ್ನೇ ಬಿಟ್ಟು ಹೊರಡುವವರಿಗೆ. ಮಳೆಗಾಲ ಮುಗಿದೊಡನೆ ಮರಾಠವಾಡದಿಂದ, ಹೆಚ್ಚಾಗಿ ಬೀಡ್ ಜಿಲ್ಲೆಯಿಂದ, ಕಬ್ಬು ಕಡಿಯುವ ಕುಟುಂಬಗಳು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಗೂ ಬರುತ್ತವೆ. ಕಾರ್ಖಾನೆಯ ಹಂಗಾಮು ಅಂದರೆ ಚಳಿಗಾಲವೇ. ಗದ್ದೆಯಂಚಿನ ತಾಡಪಾಲು ಗುಡಿಸಲಿನಲ್ಲಿ ಮಕ್ಕಳೊಂದಿಗೆ ಮಲಗಿ, ನಸುಕಿಗೆ ಎದ್ದು, ಇಬ್ಬನಿಯಲ್ಲಿ ತೊಯ್ದ ಕಬ್ಬಿಗೆ ಕೊಯ್ತಾ ಹಾಕುತ್ತಾರೆ. ಗೋಡೆಯೂ ಇಲ್ಲ, ದನದ ಕೊಟ್ಟಿಗೆಯ ಬಿಸಿಯೂ ಇಲ್ಲ. ಉಳಿದಿರುವುದು ಕೌದಿ, ರೊಟ್ಟಿ ಮತ್ತು ಗುಡಿಸಲ ಮುಂದಿನ ಬೆಂಕಿ.

ಹಳೆಯ ಮನೆಗೆ ಹಿಂತಿರುಗಿ ಎಂದು ಕಿಲ್ಲಾರಿ ಕಂಡವರಿಗೆ ಹೇಳಲಾಗದು. ಆದರೆ ಆ ಮನೆಯ ಬುದ್ಧಿ ಅದರ ಕಲ್ಲಿನಲ್ಲಿ ಮಾತ್ರ ಇರಲಿಲ್ಲ. ತಗಡಿನ ಕೆಳಗೆ ಒಂದು ಅಡ್ಡಚಾವಣಿ, ತಲೆಯ ಮೇಲೆ ಮುಚ್ಚದ ಒಂದು ಕಿಂಡಿ, ಹೊರಗೆ ಉಳಿಯುವ ಕೆಂಡ, ಮೈಗೆ ಉಣ್ಣೆ: ಇವಕ್ಕೆ ಟನ್ನುಗಟ್ಟಲೆ ಮಣ್ಣು ಬೇಕಿಲ್ಲ. 1918ರ ಆ ರಾತ್ರಿಯನ್ನು ಬೀದರಿನ ಜನ ದಾಟಿದ್ದು ಯಾವುದೋ ಒಂದರಿಂದಲ್ಲ, ಒಂದಕ್ಕೊಂದು ಒತ್ತಾಗಿ ನಿಂತ ಹಲವರಿಂದ. ಸಿಲ್ಲೋಡಿನ ತಗಡಿನ ಮನೆಯಲ್ಲಿ ಈ ಡಿಸೆಂಬರಿನ ನಸುಕಿಗೆ ಕೊರತೆಯಾಗಿರುವುದು ಆ ಒತ್ತಾಸೆ.