ದಿಂಬಿನ ಮೇಲೆ ಐದು ಶತಮಾನ

ಗಟ್ಟಿಯಾಗಿ ತುಂಬಿದ ಒಂದು ದಿಂಬು. ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ ತೂತು ಕೊರೆದ ದಪ್ಪ ಕಾಗದದ ನಕ್ಷೆ. ತೂತುಗಳಲ್ಲಿ ನೆಟ್ಟ ಗುಂಡುಸೂಜಿಗಳು, ಅವುಗಳಿಂದ ಇಳಿಬಿದ್ದ ಎಳೆಗಳು, ಪ್ರತಿ ಎಳೆಯ ತುದಿಗೂ ಬೆರಳುದ್ದದ ಒಂದು ಮರದ ಬಾಬಿನ್. ಬಾಬಿನ್ ಲೇಸ್ ಹೆಣೆಯಲು ಬೇಕಾದ ಸಾಮಗ್ರಿ ಇಷ್ಟೇ. ಎರಡು ಜೋಡಿ, ಅಂದರೆ ನಾಲ್ಕು ಬಾಬಿನ್‌ಗಳನ್ನು ಒಟ್ಟಿಗೆ ತೆಗೆದುಕೊಂಡು, ನಡುವಿನ ಎರಡರಲ್ಲಿ ಎಡದ್ದನ್ನು ಬಲದ್ದರ ಮೇಲೆ ದಾಟಿಸಬೇಕು. ಆಮೇಲೆ ಎರಡೂ ಜೋಡಿಗಳಲ್ಲಿ ಬಲದ್ದನ್ನು ಎಡದ್ದರ ಮೇಲೆ ತಂದು ತಿರುಚಬೇಕು. ಅಲ್ಲಿಗೇ ನಿಲ್ಲಿಸಿದರೆ ಜಾಲರಿಯಂಥ ಸಡಿಲ ಹೆಣಿಗೆ. ಇನ್ನೊಮ್ಮೆ ದಾಟಿಸಿದರೆ ನೇಯ್ದ ಬಟ್ಟೆಯಂಥ ಬಿಗಿ ಹೆಣಿಗೆ. ಎಂಥ ಸಂಕೀರ್ಣವಾದ ಲೇಸನ್ನು ಬಿಚ್ಚಿ ನೋಡಿದರೂ ಒಳಗಿರುವುದು ಈ ಎರಡು ಚಲನೆಗಳೇ. ನಮ್ಮ ಮನೆಗಳಲ್ಲಿ ಕಾಣುವ ಕ್ರೋಶಾ ಲೇಸು ಒಂದೇ ದಾರವನ್ನು ಕೊಕ್ಕೆಯಿಂದ ಕುಣಿಕೆ ಹಾಕಿ ಬೆಳೆಸುವಂಥದ್ದು. ಬಾಬಿನ್ ಲೇಸಿನಲ್ಲಾದರೋ ಹತ್ತಾರು, ಕೆಲವೊಮ್ಮೆ ನೂರಾರು ಎಳೆಗಳು ಜಡೆಯ ಕಾಲುಗಳಂತೆ ಒಟ್ಟಿಗೆ ಸಾಗುತ್ತವೆ.

ಈ ಕಲೆ ಹದಿನಾರನೇ ಶತಮಾನದಲ್ಲಿ ಇಟಲಿಯಲ್ಲೂ ಫ್ಲಾಂಡರ್ಸ್‌ನಲ್ಲೂ ರೂಪುಗೊಂಡಿತು. ಮೊದಲು ಹುಟ್ಟಿದ್ದು ಎಲ್ಲಿ ಎಂಬ ವಾದ ಇನ್ನೂ ಮುಗಿದಿಲ್ಲ. 1557ರಲ್ಲಿ ವೆನಿಸ್‌ನಲ್ಲಿ ‘ಲೆ ಪೊಂಪೆ’ ಎಂಬ ನಕ್ಷೆಗಳ ಪುಸ್ತಕ ಅಚ್ಚಾಯಿತು. 1561ರಲ್ಲಿ ಜ್ಯೂರಿಕ್‌ನಲ್ಲಿ ಇನ್ನೊಂದು ಬಂತು. ಇಟಲಿಯಿಂದ ಬಂದ ವರ್ತಕರು ಇಪ್ಪತ್ತೈದು ವರ್ಷಗಳ ಹಿಂದೆ ಈ ವಿದ್ಯೆಯನ್ನು ತಮ್ಮೂರಿಗೆ ತಂದರು ಎಂದು ಅದರ ಮುನ್ನುಡಿ ಹೇಳುತ್ತದೆ. ಅದೇ ಕಾಲದಲ್ಲಿ ಜರ್ಮನಿಯ ಗಣಿ ಪಟ್ಟಣವಾದ ಆನಾಬೆರ್ಗ್‌ನಲ್ಲಿ ಬಾರ್ಬರಾ ಉಟ್ಮನ್ ಎಂಬ ವಿಧವೆ ನೂರಾರು ಹೆಂಗಸರಿಗೆ ಲೇಸಿನ ಕೆಲಸ ಕೊಟ್ಟು ದೊಡ್ಡ ವ್ಯಾಪಾರ ಕಟ್ಟಿದಳು.

ಡಚ್ ಚಿತ್ರಕಾರ ವರ್ಮೀರ್ 1669-70ರ ಸುಮಾರಿಗೆ ಬರೆದ ‘ಲೇಸ್ ಹೆಣೆಯುವವಳು’ ಈಗ ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಎತ್ತರ ಬರೀ 24.5 ಸೆಂ.ಮೀ. ಹಳದಿ ಉಡುಪು, ಅಗಲವಾದ ಬಿಳಿ ಕೊರಳಪಟ್ಟಿ ತೊಟ್ಟ ಹುಡುಗಿ ದಿಂಬಿನ ಮೇಲೆ ಬಾಗಿದ್ದಾಳೆ. ಬಾಬಿನ್‌ಗಳಿಂದ ಹೊರಟ ಎಳೆಗಳು ಬೆರಳುಗಳ ನಡುವೆ ಬಿಗಿಯಾಗಿ ನಿಂತಿವೆ. ಅವಳ ಉಡುಪನ್ನು ನೋಡಿದರೆ ಕೂಲಿಗೆ ಹೆಣೆಯುವವಳು ಅನ್ನಿಸುವುದಿಲ್ಲ. ಉಳ್ಳವರ ಮನೆಗಳಲ್ಲಿ ಲೇಸ್ ಆಗಲೇ ಬಿಡುವಿನ ಕೆಲಸವೂ ಆಗಿತ್ತು.

ಹೊಟ್ಟೆಪಾಡಿಗೆ ಹೆಣೆದವರ ಕಥೆಯೇ ಬೇರೆ. ಬ್ರಸೆಲ್ಸ್‌ನ ಲೇಸಿನಲ್ಲಿ ಹೂವು ಹೆಣೆಯುವವರೊಬ್ಬರು, ಹಿನ್ನೆಲೆಯ ಬಲೆ ಹೆಣೆಯುವವರು ಇನ್ನೊಬ್ಬರು, ಅವೆರಡನ್ನು ಜೋಡಿಸುವವರು ಮತ್ತೊಬ್ಬರು. ಜೀವಮಾನವೆಲ್ಲ ಒಂದೇ ತುಣುಕನ್ನು ಹೆಣೆದವಳಿಗೆ ಇಡೀ ವಸ್ತುವಿನ ವಿದ್ಯೆ ಕೈಗೆ ಬರುತ್ತಲೇ ಇರಲಿಲ್ಲ. ಇಂಗ್ಲೆಂಡಿನ ಲೇಸ್ ಶಾಲೆಗಳು ಹೆಸರಿಗಷ್ಟೇ ಶಾಲೆಗಳು. ಐದಾರು ವರ್ಷದ ಮಕ್ಕಳು ಅಲ್ಲಿ ದಿನವಿಡೀ ದಿಂಬಿನ ಮುಂದೆ ಕೂರುತ್ತಿದ್ದರು, ಕೈಯ ವೇಗ ಕುಂದದಂತೆ ಎಣಿಕೆಯ ಪದಗಳನ್ನು ಒಟ್ಟಾಗಿ ಹೇಳುತ್ತಿದ್ದರು. ಸಂಜೆಯಾದರೆ ಒಂದು ಮೇಣದಬತ್ತಿ ನಡುವೆ. ಅದರ ಸುತ್ತ ನೀರು ತುಂಬಿದ ಗಾಜಿನ ಬುರುಡೆಗಳು ಬೆಳಕನ್ನು ಒಟ್ಟುಗೂಡಿಸಿ ಪ್ರತಿಯೊಬ್ಬರ ದಿಂಬಿನ ಮೇಲೆ ಬೀಳಿಸುತ್ತಿದ್ದವು. ಇಂದು ಆ ಬುರುಡೆಗಳು ಸಂಗ್ರಹಾಲಯಗಳಲ್ಲಿ ಅಂದವಾಗಿ ಕಾಣುತ್ತವೆ. ಎಷ್ಟು ಕಣ್ಣುಗಳು ಅವುಗಳೆದುರು ಮಂಕಾದವು ಎಂಬುದನ್ನು ಅಂದದ ಜೊತೆಗೇ ನೆನೆಯಬೇಕು.

ಯಂತ್ರ ಬಂದದ್ದು 1809ರಲ್ಲಿ. ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ಲೇಸಿನ ಹಿನ್ನೆಲೆಯ ಬಲೆಯನ್ನು ಯಂತ್ರದಲ್ಲಿ ತೆಗೆಯುವ ಹಕ್ಕುಪತ್ರ ಪಡೆದ. 1816ರಲ್ಲಿ ಲಡೈಟರ, ಅಂದರೆ ಯಂತ್ರಗಳನ್ನು ವಿರೋಧಿಸಿದ ಕೆಲಸಗಾರರ, ಗುಂಪು ಲಫ್‌ಬರೋದಲ್ಲಿದ್ದ ಅವನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಪುಡಿ ಮಾಡಿತು. ಅವನು ಡೆವನ್ ಸೀಮೆಯ ಟಿವರ್ಟನ್‌ಗೆ ಹೋಗಿ ಮತ್ತೆ ಶುರುಮಾಡಿದ. ಅದೇ ಡೆವನ್ನಿನ ಬೀರ್ ಎಂಬ ಹಳ್ಳಿಯಲ್ಲಿ, 1840ರ ವಿಕ್ಟೋರಿಯಾ ರಾಣಿಯ ಮದುವೆಗೆ ಹಾನಿಟನ್ ಎಂಬ ಶೈಲಿಯ ಲೇಸನ್ನು ಕೈಯಲ್ಲಿ ಹೆಣೆಸಲಾಯಿತು. ರಾಣಿಯ ಈ ಬೆಂಬಲದಿಂದ ಕಸುಬಿಗೆ ಉಸಿರು ಬಂತೇ ಹೊರತು ಆಯುಷ್ಯ ಬರಲಿಲ್ಲ. ಹೂಬಳ್ಳಿಗಳನ್ನೂ ಯಂತ್ರವೇ ತೆಗೆಯತೊಡಗಿದ ಮೇಲೆ ಕೈ ಲೇಸಿನ ಕೂಲಿ ಕುಸಿಯುತ್ತಲೇ ಹೋಯಿತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ವಶವಾದ ಬೆಲ್ಜಿಯಮ್ಮಿಗೆ ಪರಿಹಾರ ಸಮಿತಿಯವರು ದಾರ ತಲುಪಿಸಿ, ಹೆಣೆದ ಲೇಸನ್ನು ಹೊರದೇಶಗಳಲ್ಲಿ ಮಾರಿ ಸಾವಿರಾರು ಹೆಂಗಸರ ಸಂಸಾರ ನಡೆಯುವಂತೆ ಮಾಡಿದರು. ಆ ‘ಯುದ್ಧ ಲೇಸು’ಗಳಲ್ಲಿ ಮಿತ್ರರಾಷ್ಟ್ರಗಳ ಲಾಂಛನಗಳನ್ನೂ ಹೆಣೆದದ್ದುಂಟು.

ಭಾರತಕ್ಕೂ ಈ ದಿಂಬು ಬಂದಿತ್ತು. ಲಂಡನ್ ಮಿಷನರಿ ಸೊಸೈಟಿಯ ಮಾರ್ಥಾ ಮಾಲ್ಟ್ 1820ರ ಆಸುಪಾಸಿನಲ್ಲಿ, ಆಗ ತಿರುವಾಂಕೂರಿಗೆ ಸೇರಿದ್ದ ನಾಗರಕೋಯಿಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಬಾಬಿನ್ ಲೇಸ್ ಕಲಿಸಿದಳು. ಜೀತದಲ್ಲಿದ್ದ ಕೆಲವು ಹುಡುಗಿಯರು ಲೇಸಿನ ಸಂಪಾದನೆಯಿಂದಲೇ ತಮ್ಮ ಬಿಡುಗಡೆಯನ್ನು ಕೊಂಡುಕೊಂಡರು. ದಕ್ಷಿಣ ಭಾರತದ ಕಸೂತಿ ಚರಿತ್ರೆಯಲ್ಲಿ ಈ ಸಂಗತಿಗೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

ಇಪ್ಪತ್ತನೇ ಶತಮಾನದ ನಡುಭಾಗಕ್ಕೆ ಯುರೋಪಿನ ಬಹುಭಾಗದಲ್ಲಿ ಇದು ಅಜ್ಜಿಯರ ಕೈಯಲ್ಲಷ್ಟೇ ಉಳಿದಿತ್ತು. ಅಲ್ಲಿಂದ ಅದನ್ನು ಎತ್ತಿಕೊಂಡವರು ಹವ್ಯಾಸಿಗಳು. ಅಮೆರಿಕದಲ್ಲಿ 1953ರಲ್ಲೇ ಲೇಸ್ ಪ್ರಿಯರ ಸಂಘವೊಂದು ಹುಟ್ಟಿತ್ತು. ಫ್ರಾನ್ಸಿನ ಲೆ ಪುಯಿಯಲ್ಲಿ 1974ರಲ್ಲಿ ಬಾಬಿನ್ ಲೇಸ್ ಕಲಿಸುವ ಕೇಂದ್ರ, ಇಂಗ್ಲೆಂಡಿನಲ್ಲಿ 1976ರಲ್ಲಿ ಲೇಸ್ ಗಿಲ್ಡ್, 1982ರಲ್ಲಿ ಬಾಬಿನ್ ಮತ್ತು ಸೂಜಿ ಲೇಸಿನ ಅಂತರರಾಷ್ಟ್ರೀಯ ಸಂಘಟನೆ ‘ಒಐಡಿಎಫ್ಎ’ ಬಂದವು. ಇದರ ಸಮ್ಮೇಳನ ಎರಡು ವರ್ಷಕ್ಕೊಮ್ಮೆ ಬೇರೆ ಬೇರೆ ದೇಶಗಳಲ್ಲಿ ಸೇರುತ್ತದೆ: 2014ರಲ್ಲಿ ಅಡಿಲೇಡ್, 2016ರಲ್ಲಿ ಲುಬ್ಲಿಯಾನಾ, 2018ರಲ್ಲಿ ಬ್ರೂಜ್. ಕೂಲಿಯವಳಿಗೆ ತನ್ನೂರಿನ ಒಂದೋ ಎರಡೋ ನಕ್ಷೆ ಗೊತ್ತಿದ್ದರೆ ಹೆಚ್ಚು. ಇಂದಿನ ಹವ್ಯಾಸಿ ಸುಲಭವಾದ ಟಾರ್ಶನ್‌ನಿಂದ ಶುರುಮಾಡಿ, ರಷ್ಯಾದ ವೊಲೊಗ್ಡಾ, ಮಾಲ್ಟಾ, ಬಿಂಚ್ ಎಂದು ಒಂದೊಂದು ಊರಿನ ಶೈಲಿಯನ್ನೂ ಕಲಿಯುತ್ತಾ ಹೋಗುತ್ತಾಳೆ. ವಿದ್ಯೆಯ ಮಟ್ಟಿಗೆ ಹೇಳುವುದಾದರೆ ಕೂಲಿ ನಿಂತ ಮೇಲೆಯೇ ಈ ಕಲೆ ಪೂರ್ತಿಯಾಗಿ ಹೆಣೆಯುವವರದಾಯಿತು.

ಉಪಕರಣಗಳ ಮೇಲಿನ ಪ್ರೀತಿಯೂ ಈ ಬಳಗದ್ದು ವಿಶೇಷ. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಬಾಬಿನ್ನಿನ ತುದಿಗೆ ಗಾಜಿನ ಮಣಿಗಳ ಬಳೆ. ತೂಕವಿದ್ದು ದಾರ ಬಿಗಿಯಾಗಿ ನಿಲ್ಲಲೆಂದು. ಮೂಳೆಯ ಬಾಬಿನ್‌ಗಳ ಮೇಲೆ ಚುಕ್ಕೆ ಕೊರೆದು ನಲ್ಲೆಯ ಹೆಸರು, ಮಗುವಿನ ಹುಟ್ಟು, ಸತ್ತವರ ನೆನಪು ಬರೆಸುತ್ತಿದ್ದರು. ಬೆಡ್‌ಫರ್ಡ್‌ನಲ್ಲಿ ಬಹಿರಂಗವಾಗಿ ಗಲ್ಲಿಗೇರಿದವರ ಹೆಸರು, ಇಸವಿ ಕೊರೆದ ಬಾಬಿನ್‌ಗಳೂ ಇವೆ. ಹಾನಿಟನ್ನಿನದು ಮಾತ್ರ ನುಣುಪಾಗಿ, ತುದಿ ಚೂಪಾಗಿ ಇರಬೇಕು. ಹೆಣೆದ ಭಾಗಗಳನ್ನು ಕೂಡಿಸುವಾಗ ಅದು ಸಣ್ಣ ಕುಣಿಕೆಯೊಳಗೆ ತೂರಬೇಕಲ್ಲ.

ಮುರಿಯದ ಪರಂಪರೆಯನ್ನು ಕಾಣಬೇಕೆಂದರೆ ಸ್ಲೊವೇನಿಯದ ಇದ್ರಿಯಾಕ್ಕೆ ಹೋಗಬೇಕು. ಸುಮಾರು ಐನೂರು ವರ್ಷ ಪಾದರಸದ ಗಣಿ ನಡೆದ ಊರು ಅದು. ಗಂಡಸರು ಗಣಿಗಿಳಿದರೆ, ಸಂಬಳ ಸಾಲದ ಮನೆಗಳಲ್ಲಿ ಹೆಂಗಸರು ದಿಂಬು ಹಿಡಿದರು. 1876ರಲ್ಲಿ ತೆರೆದ ಲೇಸ್ ಶಾಲೆ ಇಂದಿಗೂ ನಡೆಯುತ್ತಿದೆ, ಗಣಿ ಮುಚ್ಚಿದೆ. ಇಲ್ಲಿನ ಲೇಸಿನ ಗುರುತೆಂದರೆ ಕೆಲವೇ ಜೋಡಿಗಳಿಂದ ಹೆಣೆದ ಸಣ್ಣ ಪಟ್ಟಿ. ಅದು ಬಳುಕುತ್ತಾ ಹೋಗಿ ತನ್ನನ್ನೇ ಮತ್ತೆ ಸಂಧಿಸಿದಲ್ಲಿ ಹೆಣೆಯುವವರು ಕೊಕ್ಕೆಯಿಂದ ಎಳೆ ಎಳೆದು ಬೆಸೆಯುತ್ತಾರೆ. ಶಾಲೆಯಲ್ಲಿ ಹುಡುಗರೂ ಕಲಿಯುತ್ತಾರೆ. 2018ರಲ್ಲಿ ಸ್ಲೊವೇನಿಯದ ಬಾಬಿನ್ ಲೇಸ್ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಕ್ರೊವೇಷಿಯದ ಲೇಸ್ 2009ರಲ್ಲೇ ಸೇರಿತ್ತು. ಬ್ರೆಜಿಲ್ಲಿನ ಸೆಅರಾದಂಥ ಕಡೆ ಇದು ಇವತ್ತಿಗೂ ಹೆಂಗಸರ ಸಂಪಾದನೆ. ಹವ್ಯಾಸಿಗಳ ಸಂಭ್ರಮದಲ್ಲಿ ಅವರನ್ನು ಮರೆಯುವಂತಿಲ್ಲ.

ಹೊಸ ಬೆಳವಣಿಗೆಗಳು ಬಂದದ್ದು ಅನಿರೀಕ್ಷಿತ ದಿಕ್ಕುಗಳಿಂದ. ಕೆನಡಾದ ವೆರೋನಿಕಾ ಅರ್ವಿನ್ ಗಣಕ ವಿಜ್ಞಾನದ ಸಂಶೋಧನೆಯಲ್ಲಿ ಲೇಸಿನ ಜಾಲರಿಗಳಿಗೆ ಗಣಿತದ ಮಾದರಿಯೊಂದನ್ನು ಕಟ್ಟಿದರು. ಎಳೆಗಳು ಹೊರಡುವ, ಕೂಡುವ ದಾರಿಗಳನ್ನು ರೇಖಾಜಾಲವಾಗಿ ಕಂಡರೆ, ಯಾವುದನ್ನು ಹೆಣೆಯಬಹುದು, ಯಾವುದು ಸಾಧ್ಯವಿಲ್ಲ ಎಂದು ಲೆಕ್ಕ ಹಾಕಬಹುದು. ಐನೂರು ವರ್ಷಗಳಲ್ಲಿ ಯಾರೂ ಹೆಣೆಯದ ಜಾಲರಿಗಳು ಹೀಗೆ ದಿಂಬಿನ ಮೇಲೆ ಬಂದಿವೆ. ಸಿಡ್ನಿಯ ಪವರ್‌ಹೌಸ್ ಸಂಗ್ರಹಾಲಯದ 2011ರ ‘ಲವ್ ಲೇಸ್’ ಪ್ರದರ್ಶನದಲ್ಲಿ ಲೋಹದ ತಂತಿಯಂಥ ವಸ್ತುಗಳೂ ಲೇಸಾಗಿ ನಿಂತವು.

ಹಳೆಯದನ್ನು ಹಾಗೆಯೇ ಮರುಹೆಣೆಯಲು ಮಾತ್ರ ಒಂದು ದೊಡ್ಡ ತೊಡಕಿದೆ: ದಾರ. ಹದಿನೆಂಟನೇ ಶತಮಾನದ ಫ್ಲಾಂಡರ್ಸ್‌ನಲ್ಲಿ ಅಗಸೆ ನಾರನ್ನು, ಒಣಗಿ ತುಂಡಾಗದಿರಲೆಂದು, ತೇವದ ನೆಲಮಾಳಿಗೆಗಳಲ್ಲಿ ಕೂತು ಕೈಯಲ್ಲಿ ನೂಲುತ್ತಿದ್ದರು. ಅಷ್ಟು ಸಣ್ಣ ಎಳೆಯ ಲಿನನ್ ದಾರ ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಹಾಗಾಗಿ ಬಿಂಚ್, ಮೆಕ್ಲಿನ್ ಲೇಸುಗಳನ್ನು ಕಲಿಯುವವರು ಹಳೆಯ ನಕ್ಷೆಗಳನ್ನು ಹಿಗ್ಗಿಸಿ, ಸಿಗುವ ಸಣ್ಣ ಹತ್ತಿ ದಾರದಲ್ಲಿ ಹೆಣೆಯುತ್ತಾರೆ.